ಮುಕ್ತ ಸಂಬಂಧದಲ್ಲಿ ಮೈಕಟ್ಟಿನ ಮಾತು: ಎಷ್ಟು ಹೇಳಬೇಕು, ಎಷ್ಟು ಕೇಳಬೇಕು?

ಕುಂಬಳೆಯ ಗೃಹಸ್ಥ:
ಎಲ್ಲರಿಗೂ ನಮಸ್ಕಾರ. ಊರಿನಲ್ಲಿ ಯಾರೊಂದಿಗೂ ಆಡಲಾಗದ ಮಾತಾದ್ದರಿಂದ ಹೆಸರು ಮರೆಸಿ ಇಲ್ಲಿ ಕೇಳುತ್ತಿದ್ದೇನೆ. ನನಗೆ 38 ವರ್ಷ, ಹೆಂಡತಿಗೆ 35. ನಾನು ತೋಟ ಮತ್ತು ಒಂದು ಸಣ್ಣ ಅಂಗಡಿಯನ್ನು ನೋಡಿಕೊಂಡು ಕಾಸರಗೋಡಿನ ಕುಂಬಳೆಯ ಹತ್ತಿರವೇ ಇದ್ದೇನೆ, ಅವಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ. ಬಹಳ ಕಾಲ ಮಾತಾಡಿ, ಜಗಳವಾಡಿ, ಮತ್ತೆ ಮಾತಾಡಿ, ಮದುವೆಯನ್ನು ಉಳಿಸಿಕೊಂಡೇ ಇಬ್ಬರಿಗೂ ಬೇರೆ ಸಂಬಂಧಕ್ಕೆ ಎಡೆಯಿರಲಿ ಎಂಬ ತೀರ್ಮಾನಕ್ಕೆ ಬಂದೆವು. ಒಬ್ಬರಿಂದ ಒಬ್ಬರು ಏನನ್ನೂ ಮುಚ್ಚಿಡಬಾರದು ಎನ್ನುವುದೇ ನಮ್ಮ ನಡುವಿನ ಮುಖ್ಯ ಕರಾರು.

ಅವಳಿಗೆ ಈಗ ಒಬ್ಬ ಗೆಳೆಯನಿದ್ದಾನೆ, ಅದು ನನಗೆ ಮೊದಲಿನಿಂದಲೂ ತಿಳಿದಿದೆ. ಹೊಟ್ಟೆಕಿಚ್ಚಿಗೆ ನಾನು ಸಿದ್ಧನಾಗಿದ್ದೆ, ಆದರೆ ಅದು ನಾನು ಎಣಿಸಿದ ದಾರಿಯಿಂದ ಬರಲಿಲ್ಲ. ಅವನಲ್ಲಿ ಏನು ಇಷ್ಟ ಎಂದು ನಾನೇ ಕೇಳಿದಾಗ, ಅವನ ಮಾತು, ಅವನ ಓದು ಎಂದೆಲ್ಲ ಹೇಳಿದ ಮೇಲೆ ಅವನ ಮೈಕಟ್ಟು ಕೂಡ ಇಷ್ಟವಾಗುತ್ತದೆ ಎಂದು ಅವಳು ಸೇರಿಸಿದಳು. ಆ ಒಂದು ಮಾತು ನನ್ನೊಳಗೆ ನೆಟ್ಟು ನಿಂತಿದೆ. ನನಗೆ ಹೊಟ್ಟೆ ಬಂದಿದೆ, ನೆತ್ತಿಯಲ್ಲಿ ಕೂದಲು ಕಡಿಮೆಯಾಗಿದೆ. ಈ ವಿಚಾರಗಳು ಇಷ್ಟು ವರ್ಷ ನನ್ನ ಗಮನಕ್ಕೇ ಬಂದಿರಲಿಲ್ಲ, ಈಗ ಅಂಗಿ ಹಾಕಿಕೊಳ್ಳುವಾಗಲೆಲ್ಲ ಬರುತ್ತವೆ. ಪೇಟೆಯ ಒಂದು ಜಿಮ್‌ಗೆ ಸೇರಿದ್ದೇನೆ. ಅಲ್ಲಿಯ ತರಬೇತುದಾರ, ಈ ಪ್ರಾಯದಲ್ಲಿ ಊಟ ಮತ್ತು ವ್ಯಾಯಾಮದಿಂದ ಮಾತ್ರ ಆಕಾರ ಬರುವುದಿಲ್ಲ, ಒಂದು ಕೋರ್ಸ್ ಇಂಜೆಕ್ಷನ್ ತೆಗೆದುಕೊಂಡರೆ ಬೇಗ ಬರುತ್ತದೆ ಎನ್ನುತ್ತಿದ್ದಾನೆ. ನಾನು ಇನ್ನೂ ಒಪ್ಪಿಲ್ಲ. ನಮಗೆ ಇನ್ನು ಒಂದೆರಡು ವರ್ಷದಲ್ಲಿ ಮಗು ಬೇಕೆಂಬ ಆಸೆಯೂ ಇದೆ.

ಏನನ್ನೂ ಮುಚ್ಚಿಡಬಾರದು ಎಂಬ ಮಾತಿನೊಳಗೆ ಇನ್ನೊಬ್ಬರ ದೇಹದ ವಿಚಾರವೂ ಸೇರುತ್ತದೆಯೇ? ನನ್ನ ಈ ಸಂಕಟವನ್ನು ಅವಳಿಗೆ ಹೇಳಿದರೆ, ಅವನನ್ನು ಬಿಡು ಎಂದು ಸುತ್ತುಬಳಸಿ ಕೇಳಿದಂತಾಗುವುದಿಲ್ಲವೇ? ಇಂಥ ಒಪ್ಪಂದದಲ್ಲಿ ಬದುಕಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಗಡಿನಾಡ ವೈದ್ಯೆ:
ಉಳಿದದ್ದನ್ನೆಲ್ಲ ಆಮೇಲೆ ಮಾತಾಡೋಣ, ಮೊದಲು ಇಂಜೆಕ್ಷನ್. ದಯವಿಟ್ಟು ತೆಗೆದುಕೊಳ್ಳಬೇಡಿ. ಜಿಮ್‌ಗಳಲ್ಲಿ ಕೋರ್ಸ್ ಎಂದು ಕೊಡುವುದು ಹೆಚ್ಚಾಗಿ ಟೆಸ್ಟೋಸ್ಟಿರೋನ್ ಎಂಬ ಗಂಡು ಹಾರ್ಮೋನು ಅಥವಾ ಅದೇ ಜಾತಿಯ ಸ್ಟೆರಾಯ್ಡ್. ಹೊರಗಿನಿಂದ ಈ ಹಾರ್ಮೋನು ಮೈಗೆ ಸೇರಿದ ಕೂಡಲೇ ಮೆದುಳಿನ ಪಿಟ್ಯುಟರಿ ಗ್ರಂಥಿ ವೃಷಣಗಳಿಗೆ ಕಳುಹಿಸುವ ಸೂಚನೆಯನ್ನು ನಿಲ್ಲಿಸಿಬಿಡುತ್ತದೆ. ಆಗ ವೃಷಣಗಳು ಸಣ್ಣದಾಗುತ್ತವೆ, ವೀರ್ಯಾಣುಗಳ ಉತ್ಪತ್ತಿ ಕುಸಿಯುತ್ತದೆ. ವಾರಕ್ಕೆ 200 ಮಿಲಿಗ್ರಾಂನಂತೆ ಟೆಸ್ಟೋಸ್ಟಿರೋನ್ ಇಂಜೆಕ್ಷನ್ ಕೊಡುವುದನ್ನು ವಿಶ್ವ ಆರೋಗ್ಯ ಸಂಸ್ಥೆಯು ಗಂಡಸರ ಗರ್ಭನಿರೋಧಕ ವಿಧಾನವೆಂದೇ ಪರೀಕ್ಷಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿತ್ತು, ಮತ್ತು ಭಾಗವಹಿಸಿದವರಲ್ಲಿ ಹೆಚ್ಚಿನವರ ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲವಾಗಿದ್ದವು. ಮಗು ಬೇಕೆನ್ನುವ ನಿಮಗೆ ಅದೇ ಮದ್ದನ್ನು ಮೈಕಟ್ಟಿನ ಹೆಸರಿನಲ್ಲಿ ಕೊಡಲು ಹೊರಟಿದ್ದಾರೆ. ನಿಲ್ಲಿಸಿದ ಮೇಲೆ ಹೆಚ್ಚಿನವರಲ್ಲಿ ಸರಿಯಾಗುತ್ತದೆ, ಆದರೆ ತಿಂಗಳುಗಟ್ಟಲೆ ಕಾಯಬೇಕು, ಕೆಲವರಿಗೆ ವರ್ಷಕ್ಕಿಂತಲೂ ಹೆಚ್ಚು. ಮೊಡವೆ, ಎದೆ ಬೆಳೆಯುವುದು, ಕೊಲೆಸ್ಟರಾಲಿನ ಏರುಪೇರು, ಹೃದಯದ ತೊಂದರೆ ಬೇರೆ ಇವೆ.

ಹೊಟ್ಟೆಯ ವಿಚಾರದಲ್ಲಿ ಆರೋಗ್ಯದ ಕಾಳಜಿಗೂ ಚಂದದ ಕಾಳಜಿಗೂ ಇರುವ ಅಂತರವನ್ನು ತಿಳಿದುಕೊಂಡರೆ ಒಳ್ಳೆಯದು. ನಮ್ಮ ಕಡೆಯ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್ ದಾಟಿದರೆ, ಹೆಂಗಸರಿಗೆ 80 ದಾಟಿದರೆ ಎಚ್ಚರ ವಹಿಸಿ ಎನ್ನುತ್ತೇವೆ, ಏಕೆಂದರೆ ಭಾರತೀಯರಲ್ಲಿ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳುತ್ತದೆ. ನಿಮ್ಮದು 90ಕ್ಕಿಂತ ಹೆಚ್ಚಿದ್ದರೆ ನಡೆಯಿರಿ, ಅನ್ನದ ಪ್ರಮಾಣ ತಗ್ಗಿಸಿ, ಸಕ್ಕರೆ ಮತ್ತು ರಕ್ತದೊತ್ತಡ ಪರೀಕ್ಷಿಸಿಕೊಳ್ಳಿ. ಅದು ನಿಮ್ಮ ಆಯುಷ್ಯಕ್ಕಾಗಿ ಮಾಡಬೇಕಾದ ಕೆಲಸ. ಬೆಂಗಳೂರಿನ ಇನ್ನೊಬ್ಬರ ತೋಳಿನ ಅಳತೆಗೂ ಅದಕ್ಕೂ ಸಂಬಂಧವಿಲ್ಲ.

ಪುತ್ತಿಗೆ ಮಾಸ್ತರ:
ನಿಮ್ಮ ಒಪ್ಪಂದವನ್ನು ನಾನು ಒಪ್ಪಲಾರೆ ಎಂದು ಮೊದಲೇ ಹೇಳಿಬಿಡುತ್ತೇನೆ. ನಿವೃತ್ತ ಶಿಕ್ಷಕನಾಗಿ, ಗಂಡನಾಗಿ, ಮಾವನಾಗಿ ನಾನು ಕಂಡ ಬಾಳ್ವೆ ಬೇರೆ. ಆದರೆ ಮೈಕಟ್ಟಿನ ವಿಚಾರದಲ್ಲಿ ನನಗೆ ತಿಳಿದಿರುವುದನ್ನು ಹೇಳಬಹುದಲ್ಲ. ನಾನು ಹುಡುಗನಾಗಿದ್ದಾಗ ಸಪೂರ ಇರುವುದೆಂದರೆ ಮನೆಯಲ್ಲಿ ಅಕ್ಕಿಗೆ ತತ್ವಾರ ಎಂದೇ ಅರ್ಥವಾಗುತ್ತಿತ್ತು. ಮದುವೆಯಾಗಿ ಹೋದ ಮಗಳು ತವರಿಗೆ ಬಂದಾಗ ಬಡಕಲಾಗಿ ಕಂಡರೆ ಗಂಡನ ಮನೆಯವರ ಮೇಲೆ ಅಪವಾದ ಬರುತ್ತಿತ್ತು. ಚಾವಡಿಯ ಗೋಡೆಯಲ್ಲಿ ತೂಗುತ್ತಿದ್ದ ರವಿವರ್ಮನ ಲಕ್ಷ್ಮಿ ಸರಸ್ವತಿಯರನ್ನು ನೋಡಿ, ಯಾರೂ ಸಪೂರ ಇಲ್ಲ. 1894ರಲ್ಲಿ ಅವನು ಮುಂಬಯಿಯಲ್ಲಿ ಛಾಪಖಾನೆ ಆರಂಭಿಸಿದ ಮೇಲೆ ಆ ಚಿತ್ರಗಳು ಬಡವರ ಮನೆಗೂ ತಲುಪಿದವು, ಒಂದಿಡೀ ಕಾಲ ಅದೇ ಚೆಲುವಿನ ಮಾದರಿಯಾಗಿತ್ತು. ಗಂಡಸಿಗೆ ಸ್ವಲ್ಪ ಹೊಟ್ಟೆಯಿದ್ದರೆ ಅನುಕೂಲಸ್ಥ ಎನ್ನುತ್ತಿದ್ದರು. ಇಂದಿನ ಅಳತೆಗೋಲು ನಾಳೆ ಇರುವುದಿಲ್ಲ. ಅದಕ್ಕಾಗಿ ಸೂಜಿ ಚುಚ್ಚಿಕೊಳ್ಳುವ ಹುಚ್ಚು ಬೇಡ ಮಗಾ.

ಜತ್ತದ ಪೈಲ್ವಾನನ ಮೊಮ್ಮಗ:
ಮಾಸ್ತರರು ಹೇಳಿದ್ದು ನಮ್ಮ ಸಾಂಗ್ಲಿ ಜಿಲ್ಲೆಯ ಕಡೆಗೂ ಹೊಂದುತ್ತದೆ. ನಮ್ಮಜ್ಜ ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ ಬೆಳೆದವರು, ಕೊಲ್ಹಾಪುರದ ಖಾಸಬಾಗ ಮೈದಾನದಲ್ಲಿ ಕುಸ್ತಿ ಆಡುವುದನ್ನೇ ಜೀವನದ ಸಾರ್ಥಕ್ಯ ಎಂದುಕೊಂಡಿದ್ದವರು. ಅವರ ಕಾಲದ ಪೈಲ್ವಾನರ ಫೋಟೋ ನೋಡಿದರೆ ದಪ್ಪ ಕುತ್ತಿಗೆ, ಅಗಲ ಬೆನ್ನು, ಮುಂದೆ ಬಂದ ಗಟ್ಟಿ ಹೊಟ್ಟೆ. ಹೊಟ್ಟೆಯಲ್ಲಿ ಆರು ಗೆರೆ ಕಾಣಬೇಕು ಎಂದು ಅವರಿಗೆ ಯಾರಾದರೂ ಹೇಳಿದ್ದರೆ, ಹಾಲು ತುಪ್ಪಕ್ಕೆ ಗತಿಯಿಲ್ಲವೇ ಎಂದು ಕೇಳುತ್ತಿದ್ದರು. ಈಗ ಅದೇ ಊರಿನ ಹುಡುಗರು ತಾಲೀಮು ಬಿಟ್ಟು ಕನ್ನಡಿಯಿರುವ ಜಿಮ್‌ಗೆ ಹೋಗುತ್ತಾರೆ. ಮಣ್ಣಿನ ಅಖಾಡದಲ್ಲಿ ಕನ್ನಡಿ ಇರಲಿಲ್ಲ, ಅಲ್ಲಿ ಎದುರಾಳಿ ಇರುತ್ತಿದ್ದ. ನನಗೆ ಇದು ಬಹಳ ದೊಡ್ಡ ವ್ಯತ್ಯಾಸವೆಂದು ತೋರುತ್ತದೆ.

ಹೊಸಂಗಡಿಯ ಓದುಗಿ:
ಅಣ್ಣಂದಿರ ಮಾತುಗಳನ್ನು ಓದುತ್ತಿದ್ದೇನೆ. ಅಳತೆಗೋಲು ಬದಲಾಗುತ್ತದೆ ಎಂಬುದು ನಿಜ, ಆದರೆ ಬದಲಾಗುವಾಗ ಅದು ಮನುಷ್ಯರನ್ನು ಎಷ್ಟು ಬೇಗ ಹಿಡಿಯುತ್ತದೆ ಎಂಬುದನ್ನೂ ನೋಡಬೇಕು. ಫಿಜಿಯ ನದ್ರೋಗಾ ಎಂಬ ಪ್ರಾಂತಕ್ಕೆ 1995ರಲ್ಲಿ ಟಿ.ವಿ. ಬಂತು. ಅಲ್ಲಿ ಅದುವರೆಗೆ ತುಂಬಿದ ಮೈಯೇ ಚಂದ ಎಂಬ ಭಾವನೆ ಇತ್ತು. ಆನ್ ಬೆಕರ್ ಎಂಬ ಅಮೆರಿಕದ ಸಂಶೋಧಕಿ ಅಲ್ಲಿಯ ಶಾಲೆಯ ಹುಡುಗಿಯರನ್ನು ಆ ವರ್ಷ ಮತ್ತು 1998ರಲ್ಲಿ ಪ್ರಶ್ನಿಸಿದರು. ತೂಕ ಇಳಿಸಲು ಬೇಕೆಂದೇ ವಾಂತಿ ಮಾಡಿಕೊಳ್ಳುವವರು ಮೊದಲ ಸಲ ಒಬ್ಬರೂ ಇರಲಿಲ್ಲ, ಮೂರು ವರ್ಷ ಕಳೆದಾಗ ಶೇಕಡಾ 11.3 ಹುಡುಗಿಯರು ಹಾಗೆ ಮಾಡುತ್ತೇವೆ ಎಂದರು. ನಮ್ಮ ಕೈಯಲ್ಲಿರುವ ಮೊಬೈಲು ಅದಕ್ಕಿಂತ ಎಷ್ಟು ಹೆಚ್ಚು ಪ್ರಭಾವಶಾಲಿ ಎಂದು ಯೋಚಿಸಿ.

ಇನ್ನೊಂದು ಮಾತನ್ನು ಹೇಳದಿದ್ದರೆ ಸಮಾಧಾನವಾಗದು. ಹೆಂಗಸರು ಈ ಸಂಕಟವನ್ನು ಎಂದಿನಿಂದಲೂ ಅನುಭವಿಸುತ್ತ ಬಂದವರು. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಎಂಬ ಬಿಳುಪಿನ ಕ್ರೀಮು ತನ್ನ ಹೆಸರಿನಿಂದ ಆ 'ಫೇರ್' ಎಂಬ ಪದವನ್ನು ಕೈಬಿಡಲು 2020ರ ತನಕ ಕಾಯಬೇಕಾಯಿತು. ಅಷ್ಟು ಕಾಲ ಕಪ್ಪು ಹುಡುಗಿಯರಿಗೆ ವರ ಸಿಗುವುದಿಲ್ಲ ಎಂಬ ಮಾತನ್ನು ಮನೆಮನೆಯಲ್ಲೂ ಕೇಳಿದ್ದೇವೆ. ಕುಂಬಳೆಯ ಅಣ್ಣನ ನೋವನ್ನು ಸಣ್ಣದು ಮಾಡಲು ಇದನ್ನು ಹೇಳುತ್ತಿಲ್ಲ. ಒಬ್ಬ ಗಂಡಸು ತನ್ನ ದೇಹದ ಬಗ್ಗೆ ನಾಚಿಕೆಯಾಗುತ್ತದೆ ಎಂದು ಇಷ್ಟು ನೇರವಾಗಿ ಬರೆದದ್ದನ್ನು ಕನ್ನಡದಲ್ಲಿ ನಾನು ಹೆಚ್ಚು ಓದಿಲ್ಲ, ಅದಕ್ಕಾಗಿ ಅವರಿಗೆ ಗೌರವ ಸಲ್ಲಬೇಕು.

ಉಪ್ಪಳದಿಂದ ಶಾರ್ಜಾ:
ದೂರದಲ್ಲಿರುವ ಗಂಡಹೆಂಡಿರಿಗೆ ಇನ್ನೊಂದು ತೊಂದರೆ ಇದೆ, ನಾವು ಒಬ್ಬರನ್ನೊಬ್ಬರು ನೋಡುವುದೇ ಫೋನಿನ ಕ್ಯಾಮೆರಾದಲ್ಲಿ. ಹನ್ನೆರಡು ಇಂಚು ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು ಸುಮಾರು ಶೇಕಡಾ 30ರಷ್ಟು ಅಗಲವಾಗಿ ಕಾಣುತ್ತದೆ ಎಂದು 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದ್ದಾರೆ. ಆ ಚಿತ್ರವನ್ನು ನೋಡಿ ನಮ್ಮ ಮುಖವನ್ನು ನಾವೇ ದ್ವೇಷಿಸುತ್ತೇವೆ. ವೀಡಿಯೋ ಕಾಲಿನಲ್ಲಿ ಹೆಂಡತಿ ದಣಿದಂತೆ ಕಂಡರೆ ತೋರ ಆಗಿದ್ದೀ ಎನ್ನುವ ಗಂಡಂದಿರನ್ನು ಇಲ್ಲಿ ನಮ್ಮ ಕೋಣೆಯಲ್ಲೇ ಕಂಡಿದ್ದೇನೆ.

ಗಲ್ಫಿನಲ್ಲಿರುವವರು ಇಂಥ ಒಪ್ಪಂದಕ್ಕೆ ಹೊರಡುವ ಮುನ್ನ ಇಲ್ಲಿಯ ಕಾನೂನನ್ನು ನೆನಪಿಟ್ಟುಕೊಳ್ಳಬೇಕು. ಯು.ಎ.ಇ.ಯಲ್ಲಿ 2022ರ ಜನವರಿಯಿಂದ ಜಾರಿಯಲ್ಲಿರುವ ದಂಡಸಂಹಿತೆಯ ಪ್ರಕಾರ ಮದುವೆಯ ಹೊರಗಿನ ದೈಹಿಕ ಸಂಬಂಧ ಈಗಲೂ ಅಪರಾಧವೇ, ಆದರೆ ಗಂಡ, ಹೆಂಡತಿ ಅಥವಾ ಪಾಲಕರು ದೂರು ಕೊಟ್ಟರೆ ಮಾತ್ರ ಮೊಕದ್ದಮೆ ನಡೆಯುತ್ತದೆ. ಇಂದು ಒಪ್ಪಿದವರು ನಾಳೆ ಸಿಟ್ಟಿನಲ್ಲಿ ದೂರು ಕೊಟ್ಟರೆ ಆರು ತಿಂಗಳಿಗೆ ಕಡಿಮೆಯಿಲ್ಲದ ಸೆರೆವಾಸ.

ಚಂದ್ರಗಿರಿ ಹೊಳೆಬದಿ:
ಮಾಸ್ತರರೇ, ಇದು ನಮ್ಮ ಬಾಳ್ವೆಯಲ್ಲ ಎಂದಿರಿ. ನಮ್ಮ ಊರಿನ ಇತಿಹಾಸವನ್ನು ತೆರೆದರೆ ಅಷ್ಟು ಖಚಿತವಾಗಿ ಹೇಳಲಾದೀತೇ? ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯ ಸಂತಾನದ ಮನೆಗಳಲ್ಲಿ ಹೆಣ್ಣಿಗೆ ತಾಯಿಮನೆಯಲ್ಲಿ ಹಕ್ಕಿತ್ತು, ಗಂಡ ಹಿಡಿಸದಿದ್ದರೆ ಬಿಡುವುದು ಸುಲಭವಿತ್ತು. ಚಂದ್ರಗಿರಿ ಹೊಳೆಯ ಆಚೆಗೆ ಸಂಬಂಧ ಪದ್ಧತಿ, ಅಂದರೆ ಗಂಡಸು ಹೆಣ್ಣಿನ ಮನೆಗೆ ಬಂದುಹೋಗುವ ಕೂಡಿಕೆಯ ಕ್ರಮ ಇತ್ತು. ಒಬ್ಬನೇ ಗಂಡ, ಸಾಯುವ ತನಕ ಅವನೇ ಎಂಬ ಕಟ್ಟುಪಾಡನ್ನು ಇಲ್ಲಿಯ ಅನೇಕ ಮನೆಗಳಿಗೆ ಕಾನೂನು ತಂದುಕೊಟ್ಟಿತು. ಮಲಬಾರ್ ವಿವಾಹ ಕಾಯ್ದೆಯಿಂದ ನಮ್ಮ ಪದ್ಧತಿ ಬದಲಾಯಿತು ಎಂದು ಓದಿದ್ದೇನೆ.

ಕೋರ್ಟಿನ ಕಪ್ಪುಕೋಟು:
ಹೊಳೆಬದಿಯವರ ಮಾತಿಗೆ ಒಂದು ತಿದ್ದುಪಡಿ. 1896ರ ಮಲಬಾರ್ ವಿವಾಹ ಕಾಯ್ದೆ ಮುಖ್ಯವಾಗಿ ಮಲಬಾರಿನ ಸಂಬಂಧ ಪದ್ಧತಿಯನ್ನು ಮನಸ್ಸಿನಲ್ಲಿಟ್ಟು ಬಂದದ್ದು. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು, 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಇಲ್ಲಿಯ ಮನೆಗಳಿಗೆ ಮುಖ್ಯವಾಗಿ ಅನ್ವಯಿಸಿದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ. ಅದಕ್ಕಿಂತ ಮುಖ್ಯವಾಗಿ, ಬಿಟ್ಟುಹೋಗುವ ಸ್ವಾತಂತ್ರ್ಯ ಇತ್ತು ಎಂದಮಾತ್ರಕ್ಕೆ ಅದನ್ನು ಮುಕ್ತ ಸಂಬಂಧ ಎನ್ನಲಾಗದು. ಸಂಬಂಧ ಪದ್ಧತಿಯಲ್ಲಿ ಯಾರು ಯಾರ ಮನೆಗೆ ಬರಬಹುದು ಎಂಬುದನ್ನು ಜಾತಿಯ ಮೇಲುಕೀಳು ಮತ್ತು ಕಾರಣವರ, ಅಂದರೆ ಮನೆಯ ಯಜಮಾನನಾದ ಹಿರಿಯ ಸೋದರಮಾವನ ಮಾತು ನಿರ್ಧರಿಸುತ್ತಿದ್ದವು, ಹೆಣ್ಣಿನ ಇಷ್ಟವನ್ನು ಎಲ್ಲ ಸಂದರ್ಭಗಳಲ್ಲೂ ಕೇಳುತ್ತಿದ್ದರೆಂದು ಹೇಳಲಾರೆವು. ಇಬ್ಬರೂ ಸಮಾನರಾಗಿ ಕುಳಿತು, ಎಲ್ಲವನ್ನೂ ತಿಳಿದು ಒಪ್ಪಿಕೊಳ್ಳುವ ಇಂದಿನ ಏರ್ಪಾಡಿಗೆ ಹಳೆಯ ಪದ್ಧತಿಯನ್ನು ಸಾಕ್ಷಿಯಾಗಿ ಕರೆತರುವುದು ಎರಡಕ್ಕೂ ಅನ್ಯಾಯ.

ಪ್ರಶ್ನೆ ಕೇಳಿದವರಿಗೆ ಇಂದಿನ ಕಾನೂನಿನ ಸ್ಥಿತಿಯನ್ನು ತಿಳಿಸುತ್ತೇನೆ. 2018ರ ಸೆಪ್ಟೆಂಬರ್ 27ರಂದು ಜೋಸೆಫ್ ಶೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ಭಾರತೀಯ ದಂಡಸಂಹಿತೆಯ (ಐ.ಪಿ.ಸಿ.) 497ನೇ ಕಲಮನ್ನು ರದ್ದುಗೊಳಿಸಿತು, ಹಾಗಾಗಿ ವ್ಯಭಿಚಾರ ಈಗ ಅಪರಾಧವಲ್ಲ. ಐ.ಪಿ.ಸಿ.ಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಇಲ್ಲ. ಆದರೆ ನಿಮಗೆ ಹಿಂದೂ ವಿವಾಹ ಕಾಯ್ದೆ ಅನ್ವಯಿಸುವುದಾದರೆ, ಅದರ 13ನೇ ಕಲಮಿನಡಿ ವಿಚ್ಛೇದನಕ್ಕೆ ಅದು ಈಗಲೂ ಕಾರಣವಾಗಬಲ್ಲದು. ಅದೇ ಕಾಯ್ದೆಯ 23ನೇ ಕಲಮು, ಸಂಗಾತಿಯ ಅಂಥ ನಡತೆಗೆ ತಾನೇ ಸಮ್ಮತಿಸಿದವರು ಅಥವಾ ಅದನ್ನು ಕ್ಷಮಿಸಿದವರು ಅದೇ ಕಾರಣಕ್ಕೆ ವಿಚ್ಛೇದನ ಕೇಳಲಾಗದು ಎನ್ನುತ್ತದೆ. ಆದುದರಿಂದ ನಿಮ್ಮ ನಡುವಿನ ಸಂದೇಶಗಳು ಒಂದು ದಿನ ಇಬ್ಬರಿಗೂ ಸಾಕ್ಷ್ಯವಾಗಬಹುದು ಎಂಬ ಅರಿವಿರಲಿ.

ಪುತ್ತಿಗೆ ಮಾಸ್ತರ:
ವಕೀಲರು ನನ್ನ ಪರವಾಗಿ ಮಾತಾಡಿದರೋ ವಿರೋಧವಾಗಿಯೋ ತಿಳಿಯಲಿಲ್ಲ, ಆದರೆ ಇತಿಹಾಸವನ್ನು ಸರಿಪಡಿಸಿದ್ದಕ್ಕೆ ಕೃತಜ್ಞ.

ಮುಳ್ಳೇರಿಯದ ಅಕ್ಕ:
ನಾನು ಮುಕ್ತ ಸಂಬಂಧದಲ್ಲಿರುವವಳಲ್ಲ, ಸಾಧಾರಣ ಮದುವೆಯಲ್ಲಿ ಬಾಳಿದವಳು. ಆದರೆ ಹೋಲಿಕೆಯ ಮಾತು ಮನೆಯೊಳಗೆ ಏನು ಮಾಡುತ್ತದೆ ಎಂಬುದನ್ನು ನಾನು ಬಲ್ಲೆ. ಎರಡನೆಯ ಹೆರಿಗೆಯ ಬಳಿಕ, ಪಕ್ಕದ ಮನೆಯವರು ಹೇಗಿದ್ದಾರೆ ನೋಡು ಎಂಬ ಮಾತನ್ನು ಊಟದ ಹೊತ್ತಿಗೆ ಕೇಳಿ ಕೇಳಿ ನಾನು ಅನ್ನದ ಬಟ್ಟಲನ್ನೇ ದೂರ ತಳ್ಳಿದ ದಿನಗಳಿವೆ. ಹೆಂಡತಿ ತನ್ನ ನಿರೀಕ್ಷೆಗೆ ತಕ್ಕಂತಿಲ್ಲ ಎಂದು ಸದಾ ಹಂಗಿಸುವುದು, ಬೇರೆ ಹೆಂಗಸರೊಂದಿಗೆ ಹೋಲಿಸುವುದು ಮಾನಸಿಕ ಕ್ರೌರ್ಯ ಎಂದು 2022ರ ಆಗಸ್ಟ್‌ನಲ್ಲಿ ಕೇರಳ ಹೈಕೋರ್ಟು ಒಂದು ವಿಚ್ಛೇದನ ಪ್ರಕರಣದಲ್ಲಿ ಹೇಳಿದಾಗ, ನಮ್ಮ ಮಾತನ್ನೂ ಯಾರೋ ಕೇಳಿಸಿಕೊಂಡರು ಎಂದು ನನಗೆ ಅನಿಸಿತ್ತು.

ಆದರೆ ತಮ್ಮಾ, ನಿಮ್ಮ ಹೆಂಡತಿ ಅಂಥದ್ದೇನನ್ನೂ ಮಾಡಿಲ್ಲ. ನೀವು ಕೇಳಿದಿರಿ, ಅವಳು ಉತ್ತರಿಸಿದಳು. ಅವನು ಚೆನ್ನಾಗಿದ್ದಾನೆ ಎನ್ನುವುದಕ್ಕೂ ಅವನು ನಿಮಗಿಂತ ಚೆನ್ನಾಗಿದ್ದಾನೆ ಎನ್ನುವುದಕ್ಕೂ ನಡುವೆ ಇರುವ ದೂರವನ್ನು ನಿಮ್ಮ ಮನಸ್ಸು ಒಂದೇ ಹಾರಿಗೆ ದಾಟಿಬಿಟ್ಟಿದೆ. ಅವಳು ಆ ಎರಡನೆಯ ಮಾತನ್ನು ಹೇಳಿಯೇ ಇಲ್ಲ. ಮೊದಲು ಇದನ್ನು ಸಮಾಧಾನದಿಂದ ಯೋಚಿಸಿ.

ಎಣ್ಮಕಜೆಯವಳು, ಈಗ ಬೆಂಗಳೂರು:
ಅನುಭವ ಇರುವವರು ಹೇಳಿ ಎಂದಿರಿ, ಹಾಗಾಗಿ ಬರೆಯುತ್ತಿದ್ದೇನೆ. ನಾನೂ ನನ್ನ ಸಂಗಾತಿಯೂ ಕೆಲವು ವರ್ಷಗಳಿಂದ ಇಂಥದೇ ಏರ್ಪಾಡಿನಲ್ಲಿದ್ದೇವೆ. ನಾವೂ ಎಲ್ಲವನ್ನೂ ಹೇಳಿಕೊಳ್ಳೋಣ ಎಂಬ ಕರಾರಿನಿಂದಲೇ ಆರಂಭಿಸಿದವರು. ಕೇಳಲು ಉದಾತ್ತವಾಗಿರುವ ಆ ಕರಾರಿಗೆ ಎಲ್ಲೆ ಎಂಬುದೇ ಇಲ್ಲ ಎಂದು ಆಮೇಲೆ ಗೊತ್ತಾಯಿತು. ಯಾರನ್ನು ಭೇಟಿಯಾದೆ ಎಂಬಲ್ಲಿಂದ ಆರಂಭವಾದ ಮಾತು, ಅವರು ಹೇಗೆ ಕಾಣುತ್ತಾರೆ, ನನಗಿಂತ ಎತ್ತರವೇ, ಸಪೂರವೇ ಎಂಬಲ್ಲಿಗೆ ಮುಟ್ಟುತ್ತದೆ. ಒಮ್ಮೆ ಕೇಳಿದ ವಿವರವನ್ನು ಮರೆಯಲಾಗುವುದಿಲ್ಲ, ರಾತ್ರಿ ದೀಪ ಆರಿಸಿದ ಮೇಲೂ ಅದು ಕಣ್ಣಮುಂದೆ ಇರುತ್ತದೆ.

ನಾವು ಕ್ರಮೇಣ ಕಂಡುಕೊಂಡದ್ದು ಹೀಗಿದೆ. ಇನ್ನೊಬ್ಬರ ಬದುಕನ್ನು ಮುಟ್ಟುವ ವಿಷಯಗಳನ್ನು, ಅಂದರೆ ಆರೋಗ್ಯ, ಸಮಯ, ಹಣ, ಊರು ಬದಲಿಸುವ ಯೋಚನೆ, ಪ್ರೀತಿ ಗಾಢವಾಗುತ್ತಿರುವ ಸೂಚನೆ ಇವನ್ನೆಲ್ಲ ಕೇಳುವ ಮೊದಲೇ ಹೇಳಬೇಕು, ತಡಮಾಡಬಾರದು. ನಮ್ಮ ನಮ್ಮ ಮನಸ್ಸಿನ ಸ್ಥಿತಿಯನ್ನೂ ಹೇಳಬೇಕು, ಅದು ಎಷ್ಟು ಕುರೂಪವಾಗಿದ್ದರೂ. ಮೂರನೆಯವರ ದೇಹದ ವರ್ಣನೆಯನ್ನು ಮಾತ್ರ ನಾವು ಕೇಳುವುದಿಲ್ಲ, ಹೇಳುವುದೂ ಇಲ್ಲ. ಕೇಳಬೇಕೆಂಬ ಒತ್ತಡ ಹುಟ್ಟಿದರೆ, ಇದನ್ನು ತಿಳಿದು ನೀನು ಏನು ಮಾಡುತ್ತೀ ಎಂದು ಇನ್ನೊಬ್ಬರು ಕೇಳುತ್ತಾರೆ. ಹೆಚ್ಚಿನ ಸಲ ಆ ಪ್ರಶ್ನೆಯ ಕೆಳಗೆ, ನಾನು ನಿನಗೆ ಇನ್ನೂ ಬೇಕೇ ಎಂಬ ಬೇರೊಂದು ಪ್ರಶ್ನೆ ಇರುತ್ತದೆ. ಅದಕ್ಕೆ ನೇರವಾಗಿ ಉತ್ತರ ಕೊಡಬಹುದು, ಕೊಡಲೇಬೇಕು.

ಪೆರ್ಲದ ಸಂದೇಹಿ:
ಅಕ್ಕಾ, ನಿಮ್ಮ ಮಾತನ್ನು ಗೌರವದಿಂದ ಓದಿದೆ, ಆದರೆ ಒಪ್ಪಲು ಕಷ್ಟವಾಗುತ್ತಿದೆ. ಕೇಳಿದರೂ ಹೇಳುವುದಿಲ್ಲ ಎಂದು ಮೊದಲೇ ಗೆರೆ ಎಳೆದ ಮೇಲೆ ಪ್ರಾಮಾಣಿಕತೆ ಎಲ್ಲಿ ಉಳಿಯಿತು? ಆಕರ್ಷಣೆ ಹುಟ್ಟುವುದೇ ದೇಹದಿಂದ. ಅದನ್ನು ಬಿಟ್ಟು ಮಿಕ್ಕಿದ್ದನ್ನು ಮಾತ್ರ ಹೇಳಿಕೊಂಡರೆ, ನಿಜವಾದ ವಿಷಯವನ್ನು ಮುಚ್ಚಿಟ್ಟು ಅಂಚನ್ನು ಮಾತ್ರ ತೋರಿಸಿದಂತಾಗಲಿಲ್ಲವೇ? ನನಗಾದರೆ, ತಿಳಿಯದೇ ಇರುವ ವಿಷಯದ ಬಗ್ಗೆ ಕಲ್ಪಿಸಿಕೊಳ್ಳುವುದೇ ಹೆಚ್ಚು ನೋವು ಕೊಡುತ್ತದೆ.

ಎಣ್ಮಕಜೆಯವಳು, ಈಗ ಬೆಂಗಳೂರು:
ಆಕರ್ಷಣೆ ಇದೆ ಎಂಬುದನ್ನು ಯಾರೂ ಮುಚ್ಚಿಡುತ್ತಿಲ್ಲ, ಅದು ಆ ಸಂಬಂಧದ ಹುಟ್ಟಿನಲ್ಲೇ ಸ್ಪಷ್ಟ. ನಾನು ಬೇಡ ಎನ್ನುವುದು ಅದರ ವಿವರಪಟ್ಟಿಯನ್ನು. ಕೆಲವರು ವಿವರ ತಿಳಿದರೆ ನೆಮ್ಮದಿಯಾಗುತ್ತಾರೆ, ನೀವು ಅಂಥವರಿರಬಹುದು. ನಿಮ್ಮ ಮನೆಯಲ್ಲಿ ಅದನ್ನು ಹೇಳಿಕೊಳ್ಳಿ, ನನ್ನ ಆಕ್ಷೇಪವಿಲ್ಲ. ಗೆರೆ ಎಲ್ಲಿ ಎಂಬುದಕ್ಕಿಂತ, ಆ ಗೆರೆಯನ್ನು ಇಬ್ಬರೂ ಸೇರಿ ಎಳೆದಿದ್ದಾರೆಯೇ ಎಂಬುದು ನನಗೆ ಮುಖ್ಯ. ಇನ್ನೊಂದು ವಿಚಾರ: ಹೊಸ ಸಂಬಂಧದ ಮೊದಲ ತಿಂಗಳುಗಳಲ್ಲಿ ಎಲ್ಲವೂ ಹೊಳೆಯುತ್ತದೆ. ಆ ಹೊಳಪಿನ ಪಕ್ಕದಲ್ಲಿ ಹತ್ತು ವರ್ಷ ಜೊತೆಗೆ ಬಾಳಿದವರ ದೇಹವನ್ನು ಇಟ್ಟು ನೋಡಿದರೆ ಯಾರಾದರೂ ಸೋಲುತ್ತಾರೆ, ಆ ಗೆಳೆಯ ಕೂಡ ಮುಂದೊಂದು ದಿನ.

ಪೆರ್ಲದ ಸಂದೇಹಿ:
ಆಗಲಿ, ಇಬ್ಬರೂ ಸೇರಿ ಎಳೆದ ಗೆರೆ ಎಂಬುದನ್ನು ಒಪ್ಪುತ್ತೇನೆ. ಉಳಿದದ್ದರಲ್ಲಿ ಭಿನ್ನಾಭಿಪ್ರಾಯ ಹಾಗೆಯೇ ಇದೆ.

ಕುಂಬಳೆಯ ಗೃಹಸ್ಥ:
ಇಷ್ಟು ಜನ ಇಷ್ಟು ಕಾಳಜಿಯಿಂದ ಬರೆದದ್ದನ್ನು ಓದಿ ಮನಸ್ಸು ತುಂಬಿಬಂತು. ವೈದ್ಯೆಯವರೇ, ಇಂಜೆಕ್ಷನ್ ಬೇಡವೆಂದು ತರಬೇತುದಾರನಿಗೆ ಹೇಳಿಯಾಯಿತು. ಮುಳ್ಳೇರಿಯದ ಅಕ್ಕ ಹೇಳಿದ್ದು ನಿಜ, ಅವಳು ಎಂದೂ ನನ್ನನ್ನು ಅವನೊಂದಿಗೆ ಹೋಲಿಸಿ ಮಾತಾಡಿದವಳಲ್ಲ. ಉಳಿದಿರುವುದು ಹೇಳುವ ಬಗೆ ಹೇಗೆ ಎಂಬುದು. ನಾನು ಬಾಯಿ ತೆರೆದರೆ ಅವಳು ತಕ್ಷಣ ಅವನನ್ನು ಬಿಟ್ಟುಬಿಡುತ್ತೇನೆ ಎನ್ನಬಹುದು. ಅವಳ ಸ್ವಭಾವ ಹಾಗಿದೆ. ನನಗೆ ಅದು ಬೇಡ. ಅವಳು ಸಂತೋಷದಿಂದಿದ್ದಾಳೆ, ಅದನ್ನು ಕಿತ್ತುಕೊಂಡವನೆಂಬ ಭಾವನೆಯೊಂದಿಗೆ ಬದುಕಲು ನನ್ನಿಂದಾಗದು.

ಹೊಸಂಗಡಿಯ ಓದುಗಿ:
ಅಣ್ಣಾ, ಅವಳು ಏನು ನಿರ್ಧರಿಸುತ್ತಾಳೆ ಎಂಬುದನ್ನು ಅವಳ ಪರವಾಗಿ ನೀವೇ ನಿರ್ಧರಿಸಿ ಸುಮ್ಮನಿರುವುದು ಕೂಡ ಮುಚ್ಚಿಡುವುದೇ ಅಲ್ಲವೇ? ಅವಳು ಬಿಡುತ್ತೇನೆ ಎಂದರೆ, ಅದು ಬೇಡ ಎಂದು ಹೇಳುವ ಅವಕಾಶ ನಿಮಗಿದ್ದೇ ಇದೆ.

ಮುಳ್ಳೇರಿಯದ ಅಕ್ಕ:
ಹೀಗೆ ಹೇಳಿ ನೋಡಿ: "ನಿನ್ನಿಂದ ಏನನ್ನೂ ಬದಲಾಯಿಸಬೇಕೆಂದು ಕೇಳುತ್ತಿಲ್ಲ. ನನ್ನ ದೇಹದ ಬಗ್ಗೆ ನನಗೆ ಇತ್ತೀಚೆಗೆ ಕೀಳರಿಮೆ ಬಂದಿದೆ, ಅದರೊಂದಿಗೆ ಒಬ್ಬನೇ ಇರುವುದು ಕಷ್ಟವಾಗಿದೆ, ನೀನು ಕೇಳಿಸಿಕೊಂಡರೆ ಸಾಕು." ಬೇಕಾದದ್ದು ಏನು ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿಬಿಟ್ಟರೆ ಕೇಳುವವರಿಗೆ ದಿಗಿಲಾಗುವುದಿಲ್ಲ.

ಎಣ್ಮಕಜೆಯವಳು, ಈಗ ಬೆಂಗಳೂರು:
ಅಕ್ಕನ ವಾಕ್ಯಗಳು ಬಹಳ ಚೆನ್ನಾಗಿವೆ, ಒಂದನ್ನು ಮಾತ್ರ ತಿದ್ದುತ್ತೇನೆ. ಕೇಳಿಸಿಕೊಂಡರೆ ಸಾಕು ಎನ್ನುವುದು ನಿಜವಾಗಿದ್ದರೆ ಮಾತ್ರ ಹಾಗೆ ಹೇಳಿ. ಆಗಾಗ ಮುಟ್ಟಬೇಕು, ನೀನು ನನಗೆ ಇಷ್ಟ ಎನ್ನಬೇಕು, ಊರಿಗೆ ಬಂದಾಗ ಫೋನು ಬದಿಗಿಡಬೇಕು, ಹೀಗೆ ಏನಾದರೂ ಬೇಕಿದ್ದರೆ ಅದನ್ನೂ ಹೆಸರಿಟ್ಟು ಕೇಳಿ. ಏನೂ ಬೇಡ ಎಂದು ಹೇಳಿ ಒಳಗೊಳಗೆ ಕಾಯುವುದರಿಂದ ಎಷ್ಟೋ ಸಂಬಂಧಗಳು ಕೆಟ್ಟಿವೆ, ಮುಕ್ತ ಸಂಬಂಧಗಳು ಮಾತ್ರವಲ್ಲ. ಈ ಮಾತನ್ನು ಫೋನಿನಲ್ಲಿ ಆರಂಭಿಸಬೇಡಿ, ಅವಳು ರಾತ್ರಿ ಬಸ್ಸಿನಲ್ಲಿ ಬಂದಿಳಿದ ಬೆಳಿಗ್ಗೆಯೂ ಬೇಡ. ನಿದ್ದೆ ಮಾಡಿ, ಉಂಡು, ಸಂಜೆ ತೋಟದ ಕಡೆಗೆ ನಡೆಯುತ್ತ ಮಾತಾಡಿ. ಎದುರುಬದುರು ಕುಳಿತು ಆಡುವುದಕ್ಕಿಂತ ಜೊತೆಗೆ ನಡೆಯುತ್ತ ಆಡುವ ಮಾತು ನಮಗೆ ಸುಲಭವಾಗಿ ಬಂದಿದೆ.

ಜತ್ತದ ಪೈಲ್ವಾನನ ಮೊಮ್ಮಗ:
ಜಿಮ್ ಬಿಡಬೇಡಿ ಸಾಹೇಬರೇ, ಕನ್ನಡಿಯತ್ತ ಬೆನ್ನು ಮಾಡಿ ವ್ಯಾಯಾಮ ಮಾಡಿ. ಇದನ್ನು ಗಂಭೀರವಾಗಿಯೇ ಹೇಳುತ್ತಿದ್ದೇನೆ. ಎಷ್ಟು ಭಾರ ಎತ್ತಿದಿರಿ, ಎಷ್ಟು ದೂರ ನಡೆದಿರಿ ಎಂಬುದನ್ನು ಬರೆದಿಡಿ, ಹೇಗೆ ಕಂಡಿರಿ ಎಂಬುದನ್ನು ಬೇಡ.

ಗಡಿನಾಡ ವೈದ್ಯೆ:
ಅದು ಒಳ್ಳೆಯ ಸಲಹೆ. ಎಷ್ಟು ಬೆಳೆಸಿದರೂ ತಾನು ಸಣಕಲ ಎಂದೇ ಕಾಣುವ ಒಂದು ಮನೋರೋಗವನ್ನು ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು ತೊಂಬತ್ತರ ದಶಕದಲ್ಲಿ ಗುರುತಿಸಿದರು. ಅವರೇ 1999ರಲ್ಲಿ ಹುಡುಗರು ಆಡುವ ಸೈನಿಕ ಗೊಂಬೆಗಳನ್ನು ಅಳೆದು, ಕೆಲವು ದಶಕಗಳಲ್ಲಿ ಆ ಗೊಂಬೆಗಳ ಎದೆ ಮತ್ತು ತೋಳು ಮನುಷ್ಯರಲ್ಲಿ ಕಾಣಸಿಗದಷ್ಟು ದಪ್ಪವಾಗಿವೆ ಎಂದು ತೋರಿಸಿದರು. ಕುಂಬಳೆಯವರೇ, ದಿನದ ಬಹುಭಾಗ ಈ ಯೋಚನೆಯಲ್ಲೇ ಕಳೆಯುತ್ತಿದ್ದರೆ, ನಿದ್ದೆ ಊಟ ಕೆಡುತ್ತಿದ್ದರೆ, 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಮಂಗಳೂರಿನಿಂದ, ಹೆಸರು ಬೇಡ:
ಇಷ್ಟು ಹೊತ್ತಿನ ಮಾತಿನಲ್ಲಿ ಬಾರದ ಒಬ್ಬ ವ್ಯಕ್ತಿ ಇದ್ದಾನೆ, ಆ ಗೆಳೆಯ. ನಾನು ಒಂದು ದಂಪತಿಯ ನಡುವೆ ಅಂಥ ಮೂರನೆಯವಳಾಗಿದ್ದೆ. ಎಲ್ಲವೂ ಒಪ್ಪಿಗೆಯಿಂದಲೇ ನಡೆದಿತ್ತು. ಆದರೆ ನನ್ನ ಸೊಂಟ, ನನ್ನ ಚರ್ಮದ ಕಲೆ, ನನ್ನ ಶಸ್ತ್ರಚಿಕಿತ್ಸೆಯ ಗಾಯ ಇವೆಲ್ಲ ಅವರಿಬ್ಬರ ನಡುವೆ ಪ್ರಾಮಾಣಿಕತೆಯ ಹೆಸರಿನಲ್ಲಿ ಚರ್ಚೆಯಾಗುತ್ತಿದ್ದವು ಎಂದು ತಿಳಿದ ದಿನ ನನಗಾದ ಅವಮಾನವನ್ನು ಹೇಗೆ ಹೇಳಲಿ? ನನ್ನನ್ನು ಹೊಗಳಿಯೇ ಮಾತಾಡಿದ್ದರಂತೆ. ಹೊಗಳಿಕೆಯಾದರೂ ಅದು ನನ್ನ ದೇಹ, ಅದರ ಬಗ್ಗೆ ಮಾತಾಡಲು ನನ್ನ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಗಂಡಹೆಂಡಿರ ನಡುವೆ ಗುಟ್ಟಿರಬಾರದು ಎಂದು ಅವರು ಮಾಡಿಕೊಂಡ ಕರಾರಿಗೆ ನಾನು ಸಹಿ ಹಾಕಿದವಳಲ್ಲ. ಕುಂಬಳೆಯವರು ತಮ್ಮ ಹೆಂಡತಿಯೊಂದಿಗೆ ಮಾತಾಡುವಾಗ, ಆ ಗೆಳೆಯನ ಬಗ್ಗೆ ಏನನ್ನು ಮನೆಯಲ್ಲಿ ಹೇಳಬಹುದು ಎಂದು ಅವಳು ಅವನನ್ನೇ ಕೇಳಿದ್ದಾಳೆಯೇ ಎಂಬುದನ್ನೂ ವಿಚಾರಿಸಲಿ.

ಕುಂಬಳೆಯ ಗೃಹಸ್ಥ:
ತಂಗೀ, ನಿಮಗೆ ಹಾಗಾದದ್ದಕ್ಕೆ ಬಹಳ ನೋವಾಯಿತು. ಖಂಡಿತ ಕೇಳುತ್ತೇನೆ.

ಪೆರ್ಲದ ಸಂದೇಹಿ:
ಇದು ನನ್ನ ವಾದವನ್ನು ನಿಜವಾಗಿ ಅಲುಗಾಡಿಸಿತು. ಆದರೆ ಒಂದು ಸಂಶಯ: ಮೂರನೆಯವರ ಖಾಸಗಿತನವನ್ನು ಕಾಪಾಡಬೇಕು ಎಂದಾದರೆ, ಲೈಂಗಿಕ ರೋಗಗಳ ಪರೀಕ್ಷೆಯ ಫಲಿತಾಂಶದ ವಿಚಾರ ಹೇಗೆ? ಅದನ್ನು ತಿಳಿಯುವ ಹಕ್ಕು ಮನೆಯಲ್ಲಿರುವ ಸಂಗಾತಿಗೆ ಇಲ್ಲವೇ?

ಗಡಿನಾಡ ವೈದ್ಯೆ:
ಸರಿಯಾದ ಪ್ರಶ್ನೆ. 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಒಬ್ಬರ ಎಚ್.ಐ.ವಿ. ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ತಿಳಿಸುವಂತಿಲ್ಲ. ಆದುದರಿಂದ ಆರಂಭದಲ್ಲೇ ಮೂವರೂ ಒಪ್ಪಿ, ಪ್ರತಿಯೊಬ್ಬರೂ ತಮ್ಮ ಫಲಿತಾಂಶವನ್ನು ತಾವೇ ಹೇಳುವ ಕ್ರಮವನ್ನು ಇಟ್ಟುಕೊಳ್ಳಿ. ಹೇಳಲು ಇಷ್ಟವಿಲ್ಲದವರೊಂದಿಗೆ ಸಂಬಂಧ ಬೇಡವೆನ್ನುವ ಹಕ್ಕು ಉಳಿದವರಿಗೆ ಇದೆ. ಸರಕಾರಿ ಆಸ್ಪತ್ರೆಗಳ ಐ.ಸಿ.ಟಿ.ಸಿ. ಎಂಬ ಆಪ್ತಸಲಹೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಎಚ್.ಐ.ವಿ. ಪರೀಕ್ಷೆ ಉಚಿತ, ಗುಟ್ಟು ಕಾಯುತ್ತಾರೆ. ನಮ್ಮ ಊರಿನಲ್ಲಿ ಲ್ಯಾಬಿನಲ್ಲಿ ಕೂತವರು ನೆಂಟರೇ ಆಗಿರುತ್ತಾರೆ ಎಂಬ ಅಂಜಿಕೆ ಇರುವವರು ಮಂಗಳೂರಿಗೆ ಹೋಗುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಎಚ್.ಐ.ವಿ. ಸೋಂಕು ತಗುಲಿದ ತಕ್ಷಣ ಪರೀಕ್ಷೆಯಲ್ಲಿ ಕಾಣುವುದಿಲ್ಲ, ಈಗಿನ ನಾಲ್ಕನೆಯ ತಲೆಮಾರಿನ ಲ್ಯಾಬ್ ಪರೀಕ್ಷೆಗೂ 45 ದಿನಗಳ ಅಂತರ ಕೊಡಬೇಕು. ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲದಿದ್ದರೆ ಮೂವರೂ ಹಾಕಿಸಿಕೊಳ್ಳಿ, ಸಿಫಿಲಿಸ್ ಪರೀಕ್ಷೆಯನ್ನೂ ಜೊತೆಗೇ ಮಾಡಿಸಿ, ಮತ್ತು ಮಗುವಿಗಾಗಿ ಪ್ರಯತ್ನಿಸುವ ಮುನ್ನ ಕುಂಬಳೆಯವರು ಹೆಂಡತಿಯೊಂದಿಗೆ ಇದೇ ಪಟ್ಟಿಯನ್ನು ಹಿಡಿದು ಒಮ್ಮೆ ವೈದ್ಯರನ್ನು ಕಾಣಲಿ.